‘ಸುಲ್ತಾನಾಳ ಕನಸು’ ಮತ್ತು ಬೈಕುಲ್ಲಾದ ಹಗಲು

ವೈಜ್ಞಾನಿಕ ಕಥೆಗಳನ್ನು ವಿಚಿತ್ರ ಯಂತ್ರಗಳ ವರ್ಣನೆಯೆಂದು ಬದಿಗಿರಿಸುವ ರೂಢಿ ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ಇದೆ. ರೊಕೇಯಾ ಸಖಾವತ್ ಹುಸೇನ್ (1880–1932) ಅವರ ‘ಸುಲ್ತಾನಾಸ್ ಡ್ರೀಮ್’ ಈ ರೂಢಿಯನ್ನು ಪ್ರಶ್ನಿಸುತ್ತದೆ. 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಇಂಗ್ಲಿಷ್ ಕಥೆಯನ್ನು ಅದೇ ಕಾಲದ ಬೈಕುಲ್ಲಾದೊಡನೆ ಇರಿಸಿ ಓದಬೇಕೆಂಬುದು ನಮ್ಮ ಸೂಚನೆ.

ಕಥೆಯ ನಾರೀದೇಶದಲ್ಲಿ ಗಂಡಸರು ಅಂತಃಪುರದಲ್ಲಿದ್ದಾರೆ, ಹೆಂಗಸರು ವಿಶ್ವವಿದ್ಯಾನಿಲಯಗಳಲ್ಲಿದ್ದಾರೆ. ಅಲ್ಲಿ ಮೋಡದಿಂದ ನೀರು ಸೆಳೆಯುತ್ತಾರೆ. ಬಿಸಿಲಿನ ಶಾಖವನ್ನು ಅಡುಗೆಗೂ ಶತ್ರುವನ್ನು ಹಿಮ್ಮೆಟ್ಟಿಸುವುದಕ್ಕೂ ಬಳಸುತ್ತಾರೆ. ಹೊಲ ಉಳುವುದು ವಿದ್ಯುಚ್ಛಕ್ತಿ. ಕಚೇರಿಯ ಕೆಲಸಕ್ಕೆ ದಿನಕ್ಕೆ 2 ಗಂಟೆ ಸಾಕು.

ಇತ್ತ ಬೈಕುಲ್ಲಾ ಗಿರಣಿಗಳ ನೆರೆಯ ಬಡಾವಣೆ. 1887ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆ 1923ರಲ್ಲಿ ಮಾಟುಂಗಾಕ್ಕೆ ಹೋಗುವವರೆಗೆ ಇಲ್ಲಿಯೇ ಇದ್ದಿತು. ವಿದ್ಯೆಗೆ ಕೊರತೆಯಿರಲಿಲ್ಲ. ಆದರೆ 1905ರ ಸುಮಾರಿಗೆ ಮುಂಬಯಿಯ ಗಿರಣಿಗಳಲ್ಲಿ ವಿದ್ಯುದ್ದೀಪ ಹರಡಿದಾಗ ಹಗಲಿನೊಡನೆ ಮುಗಿಯುತ್ತಿದ್ದ ದುಡಿಮೆ ರಾತ್ರಿಗೂ ಚಾಚಿತು, ಕಾರ್ಮಿಕರು ಪ್ರತಿಭಟಿಸಿದರು. ಜವಳಿ ಗಿರಣಿಯ ಗಂಡಾಳಿನ ದುಡಿಮೆಗೆ 12 ಗಂಟೆಗಳ ಮಿತಿಯನ್ನು ವಿಧಿಸಲು 1911ರ ಕಾರ್ಖಾನೆ ಕಾಯಿದೆಯೇ ಬರಬೇಕಾಯಿತು. ಬೈಕುಲ್ಲಾದ ಹೆಸರು ಕಥೆಯಲ್ಲಿಲ್ಲ. ಆದರೂ ಒಂದೇ ವಿದ್ಯುತ್ತು ಕಥೆಯಲ್ಲಿ ದುಡಿಮೆಯನ್ನು ಹಗುರಗೊಳಿಸಿದರೆ ಗಿರಣಿಯಲ್ಲಿ ಅದನ್ನು ಹಿಗ್ಗಿಸಿತು. ಭೇದವಿರುವುದು ಶಕ್ತಿಯಲ್ಲಲ್ಲ, ಅದರ ಒಡೆತನದಲ್ಲಿ.

ಸ್ತ್ರೀರಾಜ್ಯದ ಕಲ್ಪನೆ ಕನ್ನಡಕ್ಕೆ ಹೊಸತಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಜ್ಞಾಶ್ವವನ್ನು ಕಟ್ಟಿಸಿದ ಪ್ರಮೀಳೆಯಿದ್ದಾಳೆ. ಅವಳ ಪ್ರಸಂಗ ಅರ್ಜುನನನ್ನು ವರಿಸುವುದರಲ್ಲಿ ಶಮನಗೊಳ್ಳುತ್ತದೆ. ರಾಜ್ಯವು ವಿವಾಹಕ್ಕೆ ಸಲ್ಲುತ್ತದೆ. ರೊಕೇಯಾರ ನಾರೀದೇಶವನ್ನು ಯಾವ ವರನೂ ಗೆಲ್ಲುವುದಿಲ್ಲ. ಅದನ್ನು ಕಾಯುವುದು ಬಿಲ್ಲಲ್ಲ, ವಿದ್ಯೆ. ಮಧ್ಯಕಾಲೀನ ಅದ್ಭುತರಸಕ್ಕೂ ವೈಜ್ಞಾನಿಕ ಕಥೆಗೂ ಇರುವ ಅಂತರವನ್ನು ನಾವು ಇಲ್ಲಿ ಗುರುತಿಸುತ್ತೇವೆ: ಮೊದಲನೆಯದರಲ್ಲಿ ಬೆರಗು ಲೋಕವನ್ನು ಇದ್ದ ಸ್ಥಿತಿಗೆ ಮರಳಿಸುತ್ತದೆ, ಎರಡನೆಯದರಲ್ಲಿ ಆ ಸ್ಥಿತಿಯೇ ವಿಚಾರಣೆಗೆ ಗುರಿಯಾಗುತ್ತದೆ.

ಕೃತಿಗೆ ಮಿತಿಯೂ ಉಂಟು. ನಾರೀದೇಶದಲ್ಲಿ ಗೋಡೆ ಬೀಳಲಿಲ್ಲ; ಒಳಗಿದ್ದವರು ಹೊರಬಂದರು, ಹೊರಗಿದ್ದವರು ಒಳಹೊಕ್ಕರು. ರಾಣಿಯ ಆಳ್ವಿಕೆಯೂ ಉಳಿಯಿತು. ಇದು ವಿಡಂಬನೆಯ ತಂತ್ರವೆಂಬ ಸಮಾಧಾನ ಸಾಧುವೇ. ಗಂಡಸಿನ ಬಂಧನ ನಗೆ ತರಿಸಿದರೆ ಹೆಂಗಸಿನ ಬಂಧನ ಸಹಜವೆಂದು ತೋರಿದ್ದೇಕೆ ಎಂದು ಓದುಗ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಆದರೆ ಗಿರಣಿಯ ಆಳಿಗೆ ಈ ಸಮಾಧಾನ ಸಾಲದು. ಅವನಿಗೆ ಬೇಕಾದುದು ಸ್ಥಾನಪಲ್ಲಟವಲ್ಲ, ಬಿಡುವು.

ಕನ್ನಡದ ವೈಜ್ಞಾನಿಕ ಕಥೆಗಳನ್ನು ಅಳೆಯುವಾಗಲೂ ಯಂತ್ರ ಏನು ಮಾಡುತ್ತದೆ ಎಂಬುದಕ್ಕೆ ಮೊದಲು, ಅದು ಉಳಿಸಿದ ಗಂಟೆಗಳು ಯಾರ ಪಾಲಿಗೆ ಸಲ್ಲುತ್ತವೆ ಎಂಬುದನ್ನು ಕೇಳುವುದು ಯುಕ್ತ.