‘ದಿ ಇರೇಸರ್’: ಲ್ಯಾಪ್‌ಟಾಪಿನ ತಾಳ, ಬೋಳು ದನಿ

‘ದಿ ಇರೇಸರ್’ ಇಂಗ್ಲೆಂಡಿನ ರೇಡಿಯೊಹೆಡ್ ತಂಡದ ಗಾಯಕ ಥಾಮ್ ಯಾರ್ಕ್ ತಮ್ಮೊಬ್ಬರ ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಂ. 2006ರ ಜುಲೈನಲ್ಲಿ ಎಕ್ಸ್‌ಎಲ್ ರೆಕಾರ್ಡಿಂಗ್ಸ್ ಇದನ್ನು ಬಿಡುಗಡೆ ಮಾಡಿತು. ಒಂಬತ್ತು ಹಾಡುಗಳು, ಒಟ್ಟು ಸುಮಾರು 41 ನಿಮಿಷ. ರಾಕ್ ತಂಡದ ಗಾಯಕರು ಬೇರೆಯಾಗಿ ಹಾಡತೊಡಗಿದರೆ ತಂಡ ಒಡೆಯಿತೆಂದೇ ಕೇಳುಗರು ಎಣಿಸುವುದು ರೂಢಿ. ಪೀಟರ್ ಗೇಬ್ರಿಯಲ್ ಅವರ 1977ರ ಮೊದಲ ಆಲ್ಬಂ ಬಂದದ್ದು ಅವರು ಜೆನೆಸಿಸ್ ತಂಡ ಬಿಟ್ಟ ಮೇಲೆಯೇ. ಯಾರ್ಕ್ ತಂಡ ಬಿಟ್ಟವರಲ್ಲ. ‘ಸೋಲೋ’ ಎಂಬ ಮಾತೇ ತಮಗೆ ಹಿಡಿಸದೆಂದು ಅವರು ಮೊದಲೇ ಹೇಳಿದ್ದರು. ಆದರೂ ಈ ಆಲ್ಬಂ ಕೇಳಿದವರಿಗೆ ಉಳಿದ ನಾಲ್ವರು ಇಲ್ಲದಿರುವುದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಆ ಕೊರತೆಯನ್ನೇ ಬಲವಾಗಿಸಿಕೊಂಡ ಕಡೆ ಆಲ್ಬಂ ಗೆದ್ದಿದೆ, ಮುಚ್ಚಿಡಲು ಹೋದ ಕಡೆ ಸೊರಗಿದೆ.

ರೇಡಿಯೊಹೆಡ್‌ನ ಐವರೂ ಆಕ್ಸ್‌ಫರ್ಡ್‌ಶೈರಿನ ಒಂದೇ ಶಾಲೆಯ ಗೆಳೆಯರು. 1985ರಿಂದ ಒಟ್ಟಿಗೆ ನುಡಿಸುತ್ತ ಬಂದವರು. 1993ರಿಂದ 2003ರೊಳಗೆ ಆರು ಆಲ್ಬಂಗಳು ಬಂದವು. ಆರನೆಯದರೊಂದಿಗೆ ಇಎಂಐ ಸಂಸ್ಥೆಯ ಜೊತೆಗಿನ ಒಪ್ಪಂದವೂ ಮುಗಿದು ತಂಡ ಬಿಡುವು ತೆಗೆದುಕೊಂಡಿತು. ಯಾರ್ಕ್ ಬಳಿ ವರ್ಷಗಳಿಂದ ಲ್ಯಾಪ್‌ಟಾಪಿನಲ್ಲಿ ಕೂಡಿಟ್ಟ ಸದ್ದಿನ ತುಣುಕುಗಳಿದ್ದವು: ತಂಡದ ಹಾಡುಗಳಿಗೆ ಹೊಂದದವು, ಅರ್ಧಕ್ಕೆ ನಿಂತವು. ರೇಡಿಯೊಹೆಡ್‌ನ ನಿರ್ಮಾಪಕ ನೈಜೆಲ್ ಗಾಡ್ರಿಚ್ ಜೊತೆ ಕೂತು ಅವುಗಳನ್ನು ಹಾಡಿನ ಆಕಾರಕ್ಕೆ ತಂದರು.

ಕೆಲಸ ನಡೆದ ಬಗೆಯನ್ನು ಮೊದಲ ಹಾಡೇ ತೋರಿಸುತ್ತದೆ. ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಎಂದೋ ಪಿಯಾನೊದಲ್ಲಿ ನುಡಿಸಿದ ಕೆಲವು ಸ್ವರಮೇಳಗಳನ್ನು ಯಾರ್ಕ್ ಸಣ್ಣ ಧ್ವನಿಮುದ್ರಣ ಯಂತ್ರದಲ್ಲಿ ಹಿಡಿದಿಟ್ಟಿದ್ದರು. ಅವನ್ನೇ ಕತ್ತರಿಸಿ, ಹಿಂದುಮುಂದು ಜೋಡಿಸಿ ಹಾಡಿನ ಬುನಾದಿ ಮಾಡಿದ್ದಾರೆ. ಪ್ರತಿ ಸ್ವರಮೇಳವೂ ಪೂರ್ತಿ ಅರಳುವ ಮೊದಲೇ ತುಂಡಾಗುತ್ತದೆ. ಬೆರಳು ಕೀಲಿಯನ್ನು ಮುಟ್ಟಿದ ಸದ್ದು ಕೇಳುತ್ತದೆ, ಅದರ ಅನುರಣನ ಕೇಳುವುದಿಲ್ಲ. ಅದರ ಮೇಲೆ ಮರೆಯಲು ಹೋದಷ್ಟೂ ಎದುರಿಗೆ ಬಂದು ನಿಲ್ಲುವ ವ್ಯಕ್ತಿಯೊಬ್ಬರ ಹಾಡು. ಅಳಿಸಿದರೂ ಗುರುತು ಉಳಿಯುತ್ತದೆಂಬ ಹಾಡಿನ ಮಾತಿಗೆ ಈ ತುಂಡು ಪಿಯಾನೊಗಿಂತ ಒಪ್ಪುವ ಪಕ್ಕವಾದ್ಯ ಇರಲಾರದು. ಗೆಳೆಯನ ಕೈ ಅಲ್ಲಿದೆ, ಗೆಳೆಯ ಇಲ್ಲ.

ಆಲ್ಬಂನ ಅತಿ ದೊಡ್ಡ ನಿರ್ಧಾರ ಗಾಯನವನ್ನು ಇಟ್ಟ ರೀತಿ. 2000ದ ‘ಕಿಡ್ ಎ’ ಆಲ್ಬಂನಲ್ಲಿ ಯಾರ್ಕ್ ತಮ್ಮ ದನಿಯನ್ನು ಯಂತ್ರಗಳ ಹಿಂದೆ ಅಡಗಿಸಿದ್ದರು. ಅದು ಕೆಲವೆಡೆ ಚೂರುಚೂರಾಗಿತ್ತು, ಕೆಲವೆಡೆ ಮನುಷ್ಯರದೆಂದೇ ತಿಳಿಯದಷ್ಟು ಬದಲಾಗಿತ್ತು. ಇಲ್ಲಿ ಹಿನ್ನೆಲೆಯೆಲ್ಲ ಯಂತ್ರದ್ದೇ ಆದರೂ ದನಿ ಮಾತ್ರ ಬೋಳಾಗಿದೆ. ಪ್ರತಿಧ್ವನಿಯ ಲೇಪ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಸಿರು ಎಳೆದುಕೊಳ್ಳುವುದು, ಪದದ ಕೊನೆಯಲ್ಲಿ ನಾಲಿಗೆ ಹಲ್ಲಿಗೆ ತಾಗುವುದು, ಮೇಲಿನ ಸ್ಥಾಯಿಗೆ ಹೋಗುವಾಗ ಗಂಟಲು ಸಣ್ಣಗೆ ಬಿಗಿಯುವುದು ಎಲ್ಲವೂ ಕಿವಿಯ ಪಕ್ಕದಲ್ಲೇ ನಡೆದಂತಿದೆ. ‘ಆಟಮ್ಸ್ ಫಾರ್ ಪೀಸ್’ ಹಾಡಿನಲ್ಲಿ ಈ ದನಿ ತೀರ ಎತ್ತರಕ್ಕೆ ಏರಿ, ಅಲ್ಲಿ ಯಾವ ಆಸರೆಯೂ ಇಲ್ಲದೆ ನಿಲ್ಲುತ್ತದೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾಡಿದ ಅಣುಶಕ್ತಿ ಭಾಷಣದ ಹೆಸರನ್ನು ಹೊತ್ತ ಈ ಹಾಡು ಕಿವಿಗೆ ಸಾಂತ್ವನದಂತೆ ಕೇಳುತ್ತದೆ. ರಾಕ್ ತಂಡವೊಂದರ ನಡುವೆ ಇಷ್ಟು ಮೆಲ್ಲಗೆ ಹಾಡಲು ಆಗುತ್ತಿರಲಿಲ್ಲ.

ಆಲ್ಬಂನ ಶಿಖರ ಎಂಟನೆಯ ಹಾಡು ‘ಹ್ಯಾರೋಡೌನ್ ಹಿಲ್’. ಇರಾಕ್ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಬ್ರಿಟಿಷ್ ಸರ್ಕಾರ ಹೊರಡಿಸಿದ ದಾಖಲೆಯ ಕುರಿತು ಜೈವಿಕ ಅಸ್ತ್ರಗಳ ತಜ್ಞ ಡೇವಿಡ್ ಕೆಲ್ಲಿ ಬಿಬಿಸಿ ವರದಿಗಾರರೊಬ್ಬರೊಡನೆ ಮಾತಾಡಿದ್ದರು. ಹೆಸರು ಬಯಲಾಯಿತು, ಸಂಸದೀಯ ಸಮಿತಿಯ ಮುಂದೆ ವಿಚಾರಣೆಯಾಯಿತು. 2003ರ ಜುಲೈನಲ್ಲಿ ಅವರ ಶವ ಸಿಕ್ಕಿದ್ದು ಆಕ್ಸ್‌ಫರ್ಡ್‌ಶೈರಿನ ಹ್ಯಾರೋಡೌನ್ ಹಿಲ್ ಕಾಡಿನಲ್ಲಿ. ಸಾವಿನ ಕುರಿತು ನಡೆದ ಹಟನ್ ವಿಚಾರಣೆ ಅದು ಆತ್ಮಹತ್ಯೆ ಎಂದಿತು. ಜನರ ಅನುಮಾನ ಮುಗಿಯಲಿಲ್ಲ. ಯಾರ್ಕ್ ಹಾಡಿನಲ್ಲಿ ಕೆಲ್ಲಿ ಹೆಸರನ್ನು ಎತ್ತುವುದೇ ಇಲ್ಲ. ಮಾತನಾಡುವುದು ಸತ್ತವರ ದನಿ, ಅದೂ ಮನೆಯವರಿಗೆ ಸಮಾಧಾನ ಹೇಳುವ ಧಾಟಿಯಲ್ಲಿ. ಸಿಟ್ಟೆಲ್ಲ ಕೆಳಗೆ, ಬೇಸ್ ಗಿಟಾರಿನಲ್ಲಿದೆ: ಒಂದೇ ತಿರುವನ್ನು ಪಟ್ಟುಬಿಡದೆ ಮತ್ತೆ ಮತ್ತೆ ಮೀಟುತ್ತದೆ. ಮೇಲೆ ಕನಿಕರ, ಕೆಳಗೆ ಕುದಿತ. ಪ್ರತಿಭಟನೆಯ ಹಾಡುಗಳು ಸಾಮಾನ್ಯವಾಗಿ ಬೆರಳು ತೋರಿಸಿ ಕೂಗುತ್ತವೆ. ಇದು ಒಬ್ಬ ಮನುಷ್ಯನ ಪಕ್ಕದಲ್ಲಿ ಕೂರುತ್ತದೆ. ಘಟನೆಯ ಹಿನ್ನೆಲೆ ತಿಳಿಯದವರಿಗೂ ಇದು ವಿದಾಯದ ಹಾಡಾಗಿ ತಾಗುತ್ತದೆ, ಹಿನ್ನೆಲೆ ತಿಳಿದ ಮೇಲೆ ಮೈ ನಡುಗುತ್ತದೆ.

ಎಲ್ಲ ಹಾಡುಗಳೂ ಈ ಎತ್ತರ ಮುಟ್ಟುವುದಿಲ್ಲ. ‘ಸ್ಕಿಪ್ ಡಿವೈಡೆಡ್’ನಲ್ಲಿ ಯಾರ್ಕ್ ಅರ್ಧ ಹಾಡಿ ಅರ್ಧ ಗೊಣಗುತ್ತಾರೆ, ತಾಳ ಆರಂಭದಲ್ಲಿ ಎಲ್ಲಿತ್ತೋ ಕೊನೆಗೂ ಅಲ್ಲೇ ಇರುತ್ತದೆ. ‘ಆ್ಯಂಡ್ ಇಟ್ ರೇನ್ಡ್ ಆಲ್ ನೈಟ್’ ಮಳೆಯ ವಾತಾವರಣವನ್ನು ಗಟ್ಟಿಯಾಗಿ ಕಟ್ಟಿದರೂ ಅದರಾಚೆ ಹೋಗುವುದಿಲ್ಲ. ತೊಡಕು ತಾಳದ್ದು. ಲ್ಯಾಪ್‌ಟಾಪಿನ ಸಣ್ಣ, ಒಣ ಟಿಕ್‌ಟಿಕ್ ‘ದಿ ಕ್ಲಾಕ್’ನಲ್ಲಿ ಅರ್ಥಪೂರ್ಣ, ಅಲ್ಲಿ ಮುಗಿಯುತ್ತಿರುವ ಸಮಯವೇ ವಸ್ತು. ಅದೇ ಸದ್ದು ಹಾಡಿನಿಂದ ಹಾಡಿಗೆ ಬಂದಾಗ ಕಿವಿ ದಣಿಯುತ್ತದೆ. ಡ್ರಮ್ ವಾದಕ ಫಿಲ್ ಸೆಲ್ವೇ ಒಂದು ಪೆಟ್ಟನ್ನು ಕೂದಲೆಳೆಯಷ್ಟು ತಡಮಾಡಿ ಕೊಡುತ್ತಿದ್ದ ಜೀವ ಇಲ್ಲಿಲ್ಲ. ‘ಬ್ಲ್ಯಾಕ್ ಸ್ವಾನ್’ ಎಲ್ಲಕ್ಕಿಂತ ಸಲೀಸಾಗಿ ಓಡಲು ಕಾರಣವೂ ಇದೇ: ಅದರ ತಾಳದ ಮೂಲ 2000ದಲ್ಲಿ ಸೆಲ್ವೇ ಮತ್ತು ತಂಡದ ಇನ್ನೊಬ್ಬ ಗಿಟಾರ್ ವಾದಕ ಎಡ್ ಓಬ್ರಿಯನ್ ನುಡಿಸಿದ ತುಣುಕು.

ಹೊದಿಕೆಯ ಚಿತ್ರ ಸ್ಟ್ಯಾನ್ಲಿ ಡಾನ್‌ವುಡ್ ಅವರದು. ಲಿನೋಲಿಯಂ ಹಾಳೆಯಲ್ಲಿ ಕೊರೆದು ಅಚ್ಚೊತ್ತಿದ ಕಪ್ಪುಬಿಳುಪಿನ ಲಂಡನ್. ಸುರುಳಿ ಸುತ್ತುವ ಅಲೆಗಳಲ್ಲಿ ನಗರ ಮುಳುಗುತ್ತಿದೆ, ಟೋಪಿ ಹಾಕಿದ ಒಬ್ಬ ವ್ಯಕ್ತಿ ಕೈಯೆತ್ತಿ ನೀರನ್ನು ತಡೆಯಲು ನಿಂತಿದ್ದಾನೆ. ಕಡಲಿಗೆ ಅಪ್ಪಣೆ ಕೊಟ್ಟು ಸೋತ ರಾಜ ಕನ್ಯೂಟನ ಕಥೆ ಇದರ ಹಿಂದಿದೆ. ಮಳೆ, ಪ್ರವಾಹ, ಮುಳುಗಡೆ ಹಾಡುಗಳಲ್ಲೂ ತಿರುತಿರುಗಿ ಬರುವುದರಿಂದ ಚಿತ್ರ ಬರಿಯ ಅಲಂಕಾರವಾಗಿ ಉಳಿದಿಲ್ಲ.

ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೆಯ, ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿತು. ಮರ್ಕ್ಯುರಿ ಮತ್ತು ಗ್ರ್ಯಾಮಿ ಪ್ರಶಸ್ತಿಗಳೆರಡಕ್ಕೂ ನಾಮನಿರ್ದೇಶನವಾಯಿತು.

ಈ ಹಾಡುಗಳ ನಿಜವಾದ ಪರೀಕ್ಷೆ ನಡೆದದ್ದು 2009ರಲ್ಲಿ. ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ಬೇಸ್ ವಾದಕ ಫ್ಲೀ, ಡ್ರಮ್‌ಗೆ ಜೋಯಿ ವಾರೊಂಕರ್, ಬ್ರೆಜಿಲ್‌ನ ತಾಳವಾದ್ಯಗಾರ ಮೌರೋ ರೆಫೋಸ್ಕೊ ಹಾಗೂ ಗಾಡ್ರಿಚ್ ಅವರನ್ನು ಕೂಡಿಸಿಕೊಂಡು ಯಾರ್ಕ್ ಲಾಸ್ ಏಂಜಲೀಸ್‌ನಲ್ಲಿ ಆಲ್ಬಂ ಪೂರ್ತಿ ನುಡಿಸಿದರು. ಲ್ಯಾಪ್‌ಟಾಪ್ ಎಣಿಸಿದ್ದ ಪೆಟ್ಟುಗಳನ್ನು ಈಗ ಕೈಗಳು ಬಾರಿಸಿದವು. ಸಪ್ಪೆಯಾಗಿದ್ದ ಹಾಡುಗಳಿಗೆ ಮೈ ಬಂತು, ‘ದಿ ಕ್ಲಾಕ್’ ಕುಣಿಸುವ ಹಾಡಾಯಿತು. ಮುಂದೆ ‘ಆಟಮ್ಸ್ ಫಾರ್ ಪೀಸ್’ ಎಂದೇ ಹೆಸರಿಟ್ಟುಕೊಂಡ ಈ ಕೂಟ 2013ರಲ್ಲಿ ‘ಅಮಾಕ್’ ಎಂಬ ಆಲ್ಬಂ ತಂದಿತು. ಆದರೆ ಐವರ ಆ ಹುಮ್ಮಸ್ಸಿನ ನಡುವೆ ಕಿವಿಯ ಪಕ್ಕದಲ್ಲಿದ್ದ ಒಣ ದನಿ ದೂರ ಸರಿಯಿತು. ಗಂಟಲು ಬಿಗಿಯುವುದನ್ನು ಕೇಳಬೇಕೆಂದರೆ 2006ರ ಮುದ್ರಣಕ್ಕೇ ಮರಳಬೇಕು.