ಚಿಂದಿಯ ಮುಂದೆ ದೇವಿ

ನಮ್ಮ ಗಂಗಾವತಿಯ ಓಣಿಗೆ ಬಂದ ಪಾತ್ರೆಯವಳಿಗೆ ಅವ್ವನ ಎರಡು ಹಳೆಯ ಇಳಕಲ್ ಸೀರೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಂಡಿದ್ದೆ. ಲಾಭವೇ ಆಯಿತೆಂದುಕೊಂಡಿದ್ದೆ. ಆಮೇಲೊಂದು ದಿನ ಇಟಲಿಯ ಮೈಕೆಲ್ಯಾಂಜೆಲೊ ಪಿಸ್ಟೊಲೆಟ್ಟೊ 1967ರಲ್ಲಿ ಮಾಡಿದ ‘ಚಿಂದಿಗಳ ವೀನಸ್’ ಕೃತಿಯ ಚಿತ್ರ ಕಣ್ಣಿಗೆ ಬಿತ್ತು.

ಉಟ್ಟು ಬಿಟ್ಟ ಬಟ್ಟೆಗಳ ದೊಡ್ಡ ಗುಡ್ಡೆ. ಅದಕ್ಕೆ ಮುಖಮಾಡಿ, ನಮಗೆ ಬೆನ್ನುಹಾಕಿ ನಿಂತ ಬಿಳಿಯ ದೇವಿ. ಎದುರಿಗೆ ಅಷ್ಟೊಂದು ಬಟ್ಟೆ, ಮೈಮೇಲೆ ಒಂದೂ ಇಲ್ಲ! ಮೊದಲು ನಗು ಬಂತು, ಆಮೇಲೆ ಸಂಕಟ. ಆ ಗುಡ್ಡೆಯಲ್ಲಿ ಯಾವುದು ಯಾರದು? ದೇವಿಗೆ ಹೆಸರಿದೆ, ಬಟ್ಟೆಗಿಲ್ಲ. 2023ರಲ್ಲಿ ನೇಪಲ್ಸ್ ನಗರದಲ್ಲಿ ಇದರ ಭಾರಿ ಪ್ರತಿ ಸುಟ್ಟುಹೋಯಿತು. 2024ರಲ್ಲಿ ಮತ್ತೆ ನಿಲ್ಲಿಸಿದರು. ಬಟ್ಟೆ ಯಾವುದಾದರೂ ನಡೆಯುತ್ತದೆ ಎಂದಂತಾಯಿತು. ನನ್ನ ತಕರಾರು ಇಲ್ಲೇ.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿ ‘ಕಿಟ್ಟ’ ಮಾಡುತ್ತಾರೆ. ಅದು ಗೊಂಬೆಯ ಮೈಗೆ ಸೇರುತ್ತದೆ. ಅಲ್ಲಿ ಚಿಂದಿ ದೇವರ ಮುಂದೆ ಬಿದ್ದಿಲ್ಲ, ದೇವರೊಳಗೇ ಇದೆ. ಆದರೆ ಬಣ್ಣದಡಿ ಅದರ ಗುರುತೂ ಅಳಿಯುತ್ತದೆ.

ಗುರುತು ಉಳಿಸುವುದು ನಮ್ಮ ಕೌದಿ. ಕುಷ್ಟಗಿಯ ಅತ್ತೆ ತಮ್ಮ ಕೌದಿಯ ಮೇಲೆ ಬೆರಳಿಟ್ಟು, “ಇದು ನಿಮ್ಮ ಮಾವನ ಧೋತರ, ಇದು ನಿನ್ನ ಮಗಳ ಲಂಗ” ಎನ್ನುತ್ತಿದ್ದರು. ಪಿಸ್ಟೊಲೆಟ್ಟೊಗೆ ಆ ಬೆರಳಿಲ್ಲ. ಆದರೂ ಅವನ ಕೃತಿ ದೊಡ್ಡದೇ. ನನ್ನ ಡಬ್ಬಿಯ ಬೆಲೆ ಎಷ್ಟೆಂದು ಕೇಳಿದ್ದು ಅದೇ.

ಡಬ್ಬಿಯಲ್ಲೀಗ ಸಕ್ಕರೆ ಇದೆ. ಮುಚ್ಚಳ ತೆರೆದಾಗಲೆಲ್ಲ ಅವ್ವನ ಸೆರಗು ನೆನಪಾಗುತ್ತದೆ.