ಐಕಳದ ಕರೆ, ಕಿಂಗ್‌ಸ್ಟನ್ನಿನ ಗ್ಯಾಲರಿ

2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಕೂತು ಭಾಗಿಸಿದರು: ನೂರು ಮೀಟರಿಗೆ 9.55 ಸೆಕೆಂಡು. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58. ಅಷ್ಟು ಸಾಕಾಯಿತು. ಮೂಡುಬಿದಿರೆ ಕಡೆಯ ಅಶ್ವತ್ಥಪುರದ ಈ ಕಟ್ಟಡ ಕಾರ್ಮಿಕ ನೋಡನೋಡುತ್ತಿದ್ದಂತೆ ‘ಭಾರತದ ಬೋಲ್ಟ್’ ಆದರು. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆ ಕಳುಹಿಸಿದರು. ಅದರ ಬೆನ್ನಿಗೇ ಬಜಗೋಳಿಯ ನಿಶಾಂತ್ ಶೆಟ್ಟಿ ಇನ್ನೂ ಚುರುಕಾಗಿ ಓಡಿದರೆಂಬ ಸುದ್ದಿಯೂ ಬಂತು.

ಆ ಗದ್ದಲದಲ್ಲಿ ತಲೆ ನೆಟ್ಟಗಿಟ್ಟುಕೊಂಡು ಮಾತನಾಡಿದವರು ಗೌಡರೊಬ್ಬರೇ. ಕಂಬಳದಲ್ಲಿ ಓಡುವುದು ಹಿಮ್ಮಡಿಯಲ್ಲಿ, ಟ್ರ್ಯಾಕಿನಲ್ಲಿ ಓಡುವುದು ಮುಂಗಾಲಿನಲ್ಲಿ. ಇಲ್ಲಿ ಕೋಣಗಳ ಪಾಲೂ ಇದೆ ಎಂದು ಹೇಳಿ ಅವರು ಟ್ರಯಲ್ಸ್‌ನಿಂದ ದೂರ ಉಳಿದರು. ಹಗ್ಗ ಹಿಡಿದವನನ್ನು ಕೋಣಗಳು ಎಳೆಯುತ್ತವೆ. ಬೋಲ್ಟ್‌ನನ್ನು ಎಳೆಯಲು ಯಾರೂ ಇರಲಿಲ್ಲ. ಇಷ್ಟು ಗೊತ್ತಿರಲು ಕ್ರೀಡಾ ವಿಜ್ಞಾನ ಓದಬೇಕಿಲ್ಲ. ಆದರೂ ಇಡೀ ದೇಶ ಆ ಲೆಕ್ಕವನ್ನು ನಂಬಲು ಹೊರಟಿತ್ತು. ಕಾರಣ, ಜಮೈಕಾದ ಗೆಲುವಿನ ಬಗ್ಗೆ ನಮಗೊಂದು ಕತೆ ಬಹಳ ಇಷ್ಟ: ಅದು ರಕ್ತದಲ್ಲೇ ಬಂದದ್ದು, ಹಳ್ಳಿಯ ಕೆಸರಿನಲ್ಲಿ ತಾನಾಗಿ ಹುಟ್ಟಿದ್ದು, ಹುಡುಕಿದರೆ ಸಾಕು ಎಂಬ ಕತೆ.

ಜಮೈಕಾದ ಜನಸಂಖ್ಯೆ ಸುಮಾರು 28 ಲಕ್ಷ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯದ್ದು ಸುಮಾರು 21 ಲಕ್ಷ. ಪಕ್ಕದ ಉಡುಪಿಯನ್ನು ಸೇರಿಸಿಕೊಂಡರೆ ನಾವೇ ಹೆಚ್ಚು. ಅಷ್ಟು ಸಣ್ಣ ದ್ವೀಪ 1948ರಲ್ಲೇ ಆರ್ಥರ್ ವಿಂಟ್ ಮೂಲಕ 400 ಮೀಟರಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿತು. 2008ರ ಬೀಜಿಂಗ್‌ನಲ್ಲಿ ಮಹಿಳೆಯರ ನೂರು ಮೀಟರಿನ ಮೂರೂ ಪದಕಗಳನ್ನು ಬಾಚಿಕೊಂಡಿತು. ಇದಕ್ಕೆ ಒಬ್ಬರು ಟ್ರೆಲಾನಿ ಪ್ರಾಂತ್ಯದ ಹಳದಿ ಗೆಣಸನ್ನು ತೋರಿಸುತ್ತಾರೆ. ಬೋಲ್ಟ್‌ನ ತಂದೆಯೇ ಗೆಣಸಿಗೆ ಶ್ರೇಯ ಕೊಟ್ಟದ್ದುಂಟು. ಇನ್ನೊಬ್ಬರು ಎಸಿಟಿಎನ್3 ಎಂಬ ಜೀನ್ ತೋರಿಸುತ್ತಾರೆ. ಸ್ನಾಯುಗಳ ಸ್ಫೋಟಕ ಶಕ್ತಿಗೆ ನೆರವಾಗುವ ಅದರ ರೂಪ ಜಮೈಕನ್ನರಲ್ಲಿ ಬಹುತೇಕ ಎಲ್ಲರಲ್ಲೂ ಇದೆ, ನಿಜ. ಆದರೆ ದೂರದ ಓಟಕ್ಕೆ ಹೆಸರಾದ ಕೀನ್ಯಾದವರಲ್ಲೂ ಅದು ಅಷ್ಟೇ ವ್ಯಾಪಕ. ಅಂದರೆ ಜೀನ್ ಬೇಕು, ಅದೊಂದೇ ಸಾಲದು.

ಜೀನ್ ನಂಬಿ ಕೆಟ್ಟ ಅನುಭವ ಕರ್ನಾಟಕಕ್ಕೇ ಇದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕಾ ಮೂಲದ ಸಿದ್ದಿ ಮಕ್ಕಳನ್ನು ಉತ್ತರ ಕನ್ನಡದ ಕಾಡಂಚಿನಿಂದ ಆರಿಸಿ ತರಬೇತಿಗೆ ಕರೆದೊಯ್ದಿತು. ಆಗ ಕ್ರೀಡಾ ಖಾತೆಯಲ್ಲಿದ್ದವರು ಮಂಗಳೂರಿನಲ್ಲೇ ಹುಟ್ಟಿದ ಮಾರ್ಗರೆಟ್ ಆಳ್ವ. ಉದ್ದೇಶ ಒಳ್ಳೆಯದೇ. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು, ಕ್ರೀಡಾ ಕೋಟಾದಲ್ಲಿ ನೌಕರಿಯನ್ನೂ ಹಿಡಿದರು. ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ರಕ್ತ ಬದಲಾಗಿರಲಿಲ್ಲ, ಹಿಂದೆ ನಿಂತಿದ್ದ ವ್ಯವಸ್ಥೆ ಹೋಗಿತ್ತು.

ಜಮೈಕಾದಲ್ಲಿ ಆ ವ್ಯವಸ್ಥೆಯ ಹೆಸರು ‘ಚಾಂಪ್ಸ್’. ಪ್ರೌಢಶಾಲೆಗಳ ಕ್ರೀಡಾಕೂಟ, ಅಷ್ಟೆ. ಹುಡುಗರಿಗೆ 1910ರಲ್ಲಿ ಶುರುವಾಯಿತು, ಹುಡುಗಿಯರಿಗೆ 1957ರಲ್ಲಿ. 1999ರಿಂದ ಎರಡೂ ಒಟ್ಟಿಗೆ. ಮಾರ್ಚ್ ತಿಂಗಳ ಸುಮಾರಿಗೆ ಕಿಂಗ್‌ಸ್ಟನ್ನಿನ ರಾಷ್ಟ್ರೀಯ ಕ್ರೀಡಾಂಗಣ ತುಂಬಿ ತುಳುಕುತ್ತದೆ. ಮೂವತ್ತು ಸಾವಿರದಷ್ಟು ಜನ ಟಿಕೆಟ್ ಕೊಂಡು ಬರುವುದು ಹದಿನಾಲ್ಕು ವರ್ಷದ ಮಕ್ಕಳ ಓಟ ನೋಡಲು. ಕಿಂಗ್‌ಸ್ಟನ್ ಕಾಲೇಜಿನವರು ನೇರಳೆ ಬಣ್ಣದಲ್ಲಿ ಒಂದು ಕಡೆ, ಕ್ಯಾಲಬಾರ್‌ನವರು ಹಸಿರು-ಕಪ್ಪಿನಲ್ಲಿ ಇನ್ನೊಂದು ಕಡೆ. ತಲೆ ನರೆತ ಹಳೆ ವಿದ್ಯಾರ್ಥಿಗಳೂ ತಮ್ಮ ಶಾಲೆಯ ರಿಲೇ ತಂಡಕ್ಕಾಗಿ ಗಂಟಲು ಹರಿದುಕೊಳ್ಳುತ್ತಾರೆ. 2002ರಲ್ಲಿ ಅದೇ ಕ್ರೀಡಾಂಗಣದಲ್ಲಿ ವಿಶ್ವ ಜೂನಿಯರ್ 200 ಮೀಟರ್ ಗೆದ್ದಾಗ ಬೋಲ್ಟ್‌ಗೆ ವಯಸ್ಸು ಹದಿನೈದು. ಆ ಗದ್ದಲ ಅವನಿಗೆ ಆಗಲೇ ಪರಿಚಿತ.

ಗ್ಯಾಲರಿಯ ಹಿಂದೆ ತರಬೇತಿಯೂ ಇದೆ. 1980ರಲ್ಲಿ ಕ್ಯೂಬಾದ ನೆರವಿನಿಂದ ಕಟ್ಟಿದ ಜಿ.ಸಿ. ಫಾಸ್ಟರ್ ಕಾಲೇಜು ಶಾಲೆ ಶಾಲೆಗೂ ದೈಹಿಕ ಶಿಕ್ಷಕರನ್ನು ಕೊಟ್ಟಿತು. ಆಮೇಲೆ ಸ್ಟೀಫನ್ ಫ್ರಾನ್ಸಿಸ್, ಗ್ಲೆನ್ ಮಿಲ್ಸ್ ಅಂಥವರು ಕಟ್ಟಿದ ಕ್ಲಬ್‌ಗಳು ಬಂದವು. ಪ್ರತಿಭಾವಂತರು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಓಡುವುದು ಅನಿವಾರ್ಯವಾಗಿ ಉಳಿಯಲಿಲ್ಲ. ಇದರಲ್ಲಿ ಕೊಳೆಯೂ ಇದೆ. 2013ರಲ್ಲಿ ಓಟಗಾರ ಅಸಾಫಾ ಪೊವೆಲ್ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ರಿಲೇಯ ಜೊತೆಗಾರ ನೆಸ್ಟಾ ಕಾರ್ಟರ್‌ನ ಹಳೆ ಮಾದರಿಯನ್ನು ಮತ್ತೆ ಪರೀಕ್ಷಿಸಿದ್ದರಿಂದ ಬೋಲ್ಟ್ ತನ್ನ ಬೀಜಿಂಗ್ ರಿಲೇ ಚಿನ್ನವನ್ನು ಹಿಂತಿರುಗಿಸಬೇಕಾಯಿತು. ನಾವೂ ಬೆರಳು ತೋರಿಸುವಂತಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಸಿದ್ದಾಪುರದ ಅಶ್ವಿನಿ ಅಕ್ಕುಂಜೆ, ಮಂಗಳೂರಿನ ಎಂ.ಆರ್. ಪೂವಮ್ಮ ಇಬ್ಬರೂ ಇದೇ ಕಾರಣಕ್ಕೆ ನಿಷೇಧ ಅನುಭವಿಸಿದವರು.

ಈಗ ಐಕಳಕ್ಕೆ ಬನ್ನಿ. ಕಂಬಳಕ್ಕೂ ಜಮೈಕಾಕ್ಕೂ ಹೋಲಿಕೆ ಖಂಡಿತ ಇದೆ, ಆದರೆ ಓಟಗಾರನ ಕಾಲಿನಲ್ಲಲ್ಲ, ಓಟ ಮುಗಿಯುವ ಮಂಜೊಟ್ಟಿಯ ಸುತ್ತ ನಿಂತ ಜನರಲ್ಲಿ. ನಸುಕಿನ ನಾಲ್ಕು ಗಂಟೆಗೂ ಹಗ್ಗ ಹಿರಿಯ ವಿಭಾಗದ ಫೈನಲ್‌ಗೆ ಕಾಯುವ ಜನ, ಮೈಕಿನಲ್ಲಿ ಕೋಣಗಳ ಮನೆತನವನ್ನೂ ಓಡಿಸುವವನ ಊರನ್ನೂ ಕೂಗುವ ವೀಕ್ಷಕ ವಿವರಣೆಗಾರ, ಹೊನಲು ಬೆಳಕು, ಲೇಸರ್ ಗಡಿಯಾರ. ಬಂಗ್ರಕೂಳೂರಿನ ರಾಮ-ಲಕ್ಷ್ಮಣ ಜೋಡುಕರೆಯಲ್ಲಿ, ಅಂದರೆ ಮಂಗಳೂರು ನಗರದೊಳಗೇ, ಇದನ್ನು ನೋಡಬಹುದು. ಓಡಿಸುವವರೂ ಕೆಸರಿನಿಂದ ಎದ್ದು ಬಂದವರಲ್ಲ. ಗುಣಪಾಲ ಕಡಂಬರ ಕಂಬಳ ಅಕಾಡೆಮಿ ಯುವಕರಿಗೆ ಕ್ರಮಬದ್ಧ ತರಬೇತಿ ಕೊಡುತ್ತಾ ಬಂದಿದೆ. ಗೌಡರೂ ಅಲ್ಲಿ ಕಲಿತವರೇ. ನಾವು ನಿಸರ್ಗದ ಕೊಡುಗೆ ಎಂದದ್ದು ನಿಜಕ್ಕೂ ಗರಡಿಯ ಕೆಲಸ.

ಇದರ ಪಕ್ಕದಲ್ಲಿ ನಮ್ಮ ಶಾಲಾ ಕ್ರೀಡಾಕೂಟವನ್ನಿಟ್ಟು ನೋಡಿ. ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು ಮಧ್ಯಾಹ್ನಕ್ಕೇ ಅಳಿಸಿರುತ್ತವೆ. ಪಿ.ಟಿ. ಮಾಷ್ಟ್ರು ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಹೆಸರಿನ ಪಟ್ಟಿ ಹಿಡಿದು ಬಿಸಿಲಿನಲ್ಲಿ ಓಡಾಡುತ್ತಿರುತ್ತಾರೆ. ನೂರು ಮೀಟರಿನ ಫೈನಲ್ ನಡೆಯುವಾಗ ನೋಡುವವರು ಮುಂದಿನ ಸ್ಪರ್ಧೆಗೆ ಕಾಯುತ್ತಿರುವ ಮಕ್ಕಳು, ಮತ್ತು ಮುಖ್ಯ ಅತಿಥಿ ಇನ್ನೂ ಯಾಕೆ ಬರಲಿಲ್ಲ ಎಂದು ಗೇಟಿನ ಕಡೆ ನೋಡುವ ಶಿಕ್ಷಕರು. ಅಪ್ಪ-ಅಮ್ಮ ಬರುವುದಿಲ್ಲ. ಬಂದರೂ ‘ಟ್ಯೂಷನ್ ತಪ್ಪಿತಲ್ಲ’ ಎನ್ನುತ್ತಾರೆ.

ಮೂಡುಬಿದಿರೆಯಲ್ಲಿ ಮೋಹನ ಆಳ್ವರು ಕಟ್ಟಿದ ಶಿಕ್ಷಣ ಸಂಸ್ಥೆ ಈ ಬಯಲಿನ ನಡುವೆ ಒಂದು ಅಪವಾದ. ಅವರ ಸಂಸ್ಥೆಯ ಓಟಗಾರರಿಂದಲೇ ಮಂಗಳೂರು ವಿಶ್ವವಿದ್ಯಾಲಯ ಅಂತರ ವಿವಿ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಪ್ರಶಸ್ತಿ ಎತ್ತಿದೆ. ಆ ಪ್ರತಿಭೆಗಳಲ್ಲಿ ಅನೇಕರು ದೇಶದ ಬೇರೆ ಬೇರೆ ಮೂಲೆಗಳಿಂದ ಬಂದವರು ಎಂಬುದೂ ನಿಜ. ಸೌಲಭ್ಯ ನಮ್ಮದು, ಮಕ್ಕಳು ಪೂರ್ತಿ ನಮ್ಮವರಲ್ಲ. ಗೌಡರು ಸುದ್ದಿಯಾದದ್ದು 2020ರ ಫೆಬ್ರವರಿಯಲ್ಲಿ. ಅದೇ ವರ್ಷದ ಜನವರಿಯಲ್ಲಿ, ಐಕಳಕ್ಕೆ ಹೆಚ್ಚು ದೂರವಿಲ್ಲದ ಮೂಡುಬಿದಿರೆಯಲ್ಲೇ, ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್ ಕೂಟ ನಡೆದಿತ್ತು. ಅಲ್ಲಿ ನೂರು ಮೀಟರ್ ಗೆದ್ದವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಕಂಬಳ ಸಮಿತಿಗಳಲ್ಲಿ ನನ್ನದೊಂದು ಅರಿಕೆ. ಜನ ನಿಮ್ಮಲ್ಲಿದ್ದಾರೆ, ಬೆಳಕು, ಮೈಕು, ಗಡಿಯಾರ ಎಲ್ಲವೂ ಇವೆ, ಪ್ರಾಯೋಜಕರೂ ಇದ್ದಾರೆ. ಕಂಬಳ ನಡೆಯುವ ಊರಿನ ಆಸುಪಾಸಿನ ಪ್ರೌಢಶಾಲೆಗಳಿಗೆ, ಪಕ್ಕದ ಒಣ ಗದ್ದೆಯಲ್ಲಾದರೂ ಸರಿ, ಅದೇ ಸಂಜೆ ಒಂದು 4×100 ರಿಲೇ ಇಡಿ. ಕೋಣಗಳ ಮನೆತನ ಕೂಗುವ ಅದೇ ದನಿಯಲ್ಲಿ ಶಾಲೆಯ ಹೆಸರು, ಓಡುವ ಹುಡುಗಿಯ ಹೆಸರು ಕೂಗಿಸಿ. ಗೆದ್ದ ಶಾಲೆಗೆ ಬಹುಮಾನವಾಗಿ ಒಬ್ಬ ತರಬೇತುದಾರರ ಒಂದು ವರ್ಷದ ಸಂಬಳ ಕೊಡಿ.